ಕಿಡ್ನಿ ಕ್ಯಾನ್ಸರನ್ನ ಬೇಗ ಹಿಡಿಯೋ ಪ್ರೋಟೀನ್ ಹುಡುಕ್ತಿದೀರಾ? ಮೊದ್ಲು ಕಂಟ್ರೋಲ್ ಯಾರು ಅಂತ ಬರ್ಕೊಳ್ಳಿ

ಬಯೋಮಾರ್ಕರ್ (ರೋಗದ ಸುಳಿವು ಕೊಡೋ ಪ್ರೋಟೀನಿನಂಥ ಗುರುತು) ಪ್ರಾಜೆಕ್ಟ್ ಶುರು ಮಾಡೋರು ಬಂದು ಕೂತ ತಕ್ಷಣ ಕೇಳೋದು "ಯಾವ ಮೆಷಿನ್ನಲ್ಲಿ ಓಡಿಸೋಣ" ಅಂತ. ಮಾಸ್ ಸ್ಪೆಕ್ಕಾ, ಓಲಿಂಕಾ, ಸೋಮಾಸ್ಕ್ಯಾನಾ, ಎಲ್ಲ ಪ್ರೋಟೀನ್ ಅಳೆಯೋ ವಿಧಾನಗಳು. ನಾನು ತಿರುಗಿಸಿ ಕೇಳೋದು ಎರಡೇ: ನಿಮ್ಮ ಕಂಟ್ರೋಲ್‌ಗಳು (ಹೋಲಿಸೋಕೆ ಇಟ್ಕೊಂಡ, ಈ ಕ್ಯಾನ್ಸರ್ ಇಲ್ಲದೋರು) ಯಾರು, ಸ್ಯಾಂಪಲ್ಲು ಫ್ರೀಜರ್‌ಗೆ ಹೋಗೋಕೆ ಮುಂಚೆ ಎಷ್ಟೊತ್ತು ಎಲ್ಲಿ ಕೂತಿತ್ತು. ಇವೆರಡಕ್ಕೆ ಉತ್ತರ ಇಲ್ಲ ಅಂದ್ರೆ ಮೆಷಿನ್ನು ಎಷ್ಟೇ ದುಬಾರಿದಾಗಿರ್ಲಿ, ನಿಮ್ಮ ತಪ್ಪನ್ನೇ ನಾಲ್ಕು ಡೆಸಿಮಲ್ ತನಕ ಅಳೆದು ಕೊಡತ್ತೆ ಅಷ್ಟೇ.

ಇದು ಪಿಎಚ್‌ಡಿ ಶುರು ಮಾಡ್ತಿರೋರಿಗೆ, ರಿಸರ್ಚ್ ಕಡೆ ಬರ್ತಿರೋ ಡಾಕ್ಟರ್‌ಗಳಿಗೆ ಬರೀತಿರೋದು. ಪೇಷೆಂಟ್ ಯಾರಾದ್ರೂ ಓದ್ತಿದ್ರೆ ಒಂದು ಮಾತು: ಕಿಡ್ನಿ ಕ್ಯಾನ್ಸರ್ ಇದೆಯೋ ಇಲ್ವೋ ಅಂತ ಜನರನ್ನ ಸ್ಕ್ರೀನ್ ಮಾಡೋಕೆ ರೂಢಿಯಲ್ಲಿರೋ ರಕ್ತದ ಟೆಸ್ಟಾಗ್ಲಿ ಮೂತ್ರದ ಟೆಸ್ಟಾಗ್ಲಿ ಸದ್ಯಕ್ಕೆ ಇಲ್ಲ, ಮೂತ್ರದಲ್ಲಿ ರಕ್ತ ಕಾಣಿಸಿದ್ರೆ ಇದನ್ನೆಲ್ಲ ಓದ್ತಾ ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ.

ಯಾಕೆ ಇಷ್ಟೊಂದು ಜನ ಇದರ ಹಿಂದೆ ಬಿದ್ದಿದಾರೆ ಅಂದ್ರೆ, ಗಡ್ಡೆ ಕಿಡ್ನಿ ಒಳಗೇ ಇದ್ದಾಗ ಸಿಕ್ರೆ ಐದು ವರ್ಷ ಬದುಕುಳಿಯೋರು 90% ಮೇಲೆ, ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ರೆ 20% ಒಳಗೆ. ಆದ್ರೆ ಒಳಗಿರೋ ಗಡ್ಡೆ ಸದ್ದೇ ಮಾಡಲ್ಲ. ಪಠ್ಯಪುಸ್ತಕದಲ್ಲಿರೋ ಮೂರು ಲಕ್ಷಣ, ಅಂದ್ರೆ ಮೂತ್ರದಲ್ಲಿ ರಕ್ತ, ಪಕ್ಕೆ ನೋವು, ಕೈಗೆ ಸಿಗೋ ಗಡ್ಡೆ, ಮೂರೂ ಒಟ್ಟಿಗೆ ಇರೋರು ಹತ್ತರಲ್ಲಿ ಒಬ್ಬರೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಕೇಸು ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ ಕಣ್ಣಿಗೆ ಬೀಳೋದು.

ಹೆಜ್ಜೆ 1: ಟೆಸ್ಟು ಯಾರಿಗೆ ಅಂತ ಒಂದೇ ವಾಕ್ಯದಲ್ಲಿ ಬರೀರಿ

"ಕಿಡ್ನಿ ಕ್ಯಾನ್ಸರ್ ಬೇಗ ಪತ್ತೆ ಮಾಡೋದು" ಅನ್ನೋದು ಪ್ರಶ್ನೆನೇ ಅಲ್ಲ, ಅದು ಆಸೆ. ಪ್ರಶ್ನೆ ಅಂದ್ರೆ ಹಿಂಗಿರ್ಬೇಕು: ಆರಾಮಾಗಿ ಓಡಾಡ್ಕೊಂಡಿರೋ ಸಾಮಾನ್ಯ ಜನರಲ್ಲಿ ಹುಡುಕ್ತೀರಾ, ಅಥವಾ ರಿಸ್ಕ್ ಜಾಸ್ತಿ ಇರೋರಲ್ಲಾ (ಸಿಗರೇಟು, ಬೊಜ್ಜು, ಬಿಪಿ, ಬಹಳ ವರ್ಷದಿಂದ ಡಯಾಲಿಸಿಸ್‌ನಲ್ಲಿರೋರು, ವಾನ್ ಹಿಪ್ಪೆಲ್ ಲಿಂಡೌ ಕಾಯಿಲೆ ಇರೋ ಕುಟುಂಬದೋರು), ಅಥವಾ ಸ್ಕ್ಯಾನಲ್ಲಿ ಈಗಾಗ್ಲೇ ಸಣ್ಣ ಗಡ್ಡೆ ಕಂಡಿದೆ, ಅದು ಕ್ಯಾನ್ಸರ್ರಾ ಅಲ್ವಾ ಅಂತ ಹೇಳ್ಬೇಕಾ. 4 ಸೆಂ.ಮೀ. ಒಳಗಿನ ಗಡ್ಡೆಗಳಲ್ಲಿ ಸುಮಾರು ಐದರಲ್ಲೊಂದು ಕ್ಯಾನ್ಸರ್ ಅಲ್ಲದ್ದೇ ಇರತ್ತೆ, ಆಂಕೋಸೈಟೋಮಾ, ಆಂಜಿಯೋಮಯೋಲಿಪೋಮಾ ಅಂತೆಲ್ಲ, ಹಂಗಾಗಿ ಮೂರನೇದು ಕೂಡ ಸಣ್ಣ ಪ್ರಶ್ನೆ ಏನಲ್ಲ.

ಈ ಮೂರಕ್ಕೂ ಬೇಕಾಗೋ ಮಾರ್ಕರ್ ಬೇರೆ ಬೇರೆ. ಯಾಕೆ ಅಂತ ಒಂದ್ಸಲ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಸಾವಿರಕ್ಕೆ ಒಬ್ಬರಿಗೆ ಗೊತ್ತಾಗದೇ ಇರೋ ಕಿಡ್ನಿ ಕ್ಯಾನ್ಸರ್ ಇದೆ ಅಂದ್ಕೊಳ್ಳಿ. ಒಂದು ಲಕ್ಷ ಜನಕ್ಕೆ ಟೆಸ್ಟ್ ಮಾಡಿದ್ರೆ ನಿಜವಾದ ಕೇಸು 100. ನಿಮ್ಮ ಟೆಸ್ಟಿನ ಸೆನ್ಸಿಟಿವಿಟಿ (ರೋಗ ಇರೋರನ್ನ ಹಿಡಿಯೋ ಪ್ರಮಾಣ) 90%, ಸ್ಪೆಸಿಫಿಸಿಟಿ (ರೋಗ ಇಲ್ಲದೋರಿಗೆ ಸರಿಯಾಗಿ ನೆಗೆಟಿವ್ ಹೇಳೋ ಪ್ರಮಾಣ) 95%, ಪೇಪರಲ್ಲಿ ಬರೆದ್ರೆ ಎಲ್ರೂ ಭೇಷ್ ಅನ್ನೋ ನಂಬರ್ರು. ಸಿಗೋದು 90 ಕೇಸು, ಜೊತೆಗೆ ಏನೂ ಇಲ್ಲದ 4,995 ಜನಕ್ಕೆ ಪಾಸಿಟಿವ್ ಬರತ್ತೆ. ಅಂದ್ರೆ ಪಾಸಿಟಿವ್ ಬಂದೋರಲ್ಲಿ ನಿಜವಾಗ್ಲೂ ಕ್ಯಾನ್ಸರ್ ಇರೋರು ನೂರಕ್ಕೆ ಇಬ್ಬರೂ ಇಲ್ಲ. ಸ್ಪೆಸಿಫಿಸಿಟಿನ 99%ಗೆ ಏರಿಸಿದ್ರೂ ಸುಳ್ಳು ಪಾಸಿಟಿವ್ 999 ಉಳಿಯತ್ತೆ, ಹನ್ನೆರಡು ಜನರನ್ನ ಸಿಟಿ ಸ್ಕ್ಯಾನ್‌ಗೆ ಕಳ್ಸಿದ್ರೆ ಒಬ್ಬರಿಗೆ ಸಿಗತ್ತೆ. ಈ ಲೆಕ್ಕ ಹಾಕ್ದೆ ಗ್ರಾಂಟ್ ಅರ್ಜಿ ಬರೆಯೋರನ್ನ ನೋಡಿದ್ರೆ ನನಗೆ ಅಯ್ಯೋ ಅನ್ಸತ್ತೆ, ಯಾಕಂದ್ರೆ ರಿವ್ಯೂವರ್ ಹಾಕೇ ಹಾಕ್ತಾರೆ.

ಹೆಜ್ಜೆ 2: ಬಯಾಲಜಿಯಿಂದ ಒಂದು ಲಿಸ್ಟ್ ಮಾಡ್ಕೊಳ್ಳಿ

ಕಣ್ಣುಮುಚ್ಚಿ ಮೂರು ಸಾವಿರ ಪ್ರೋಟೀನ್ ಅಳೆಯೋ ಮುಂಚೆ, ಗಡ್ಡೆಯಿಂದ ರಕ್ತಕ್ಕೋ ಮೂತ್ರಕ್ಕೋ ಏನು ಬರೋಕೆ ಸಾಧ್ಯ ಅಂತ ಯೋಚ್ನೆ ಮಾಡಿ. ಕಿಡ್ನಿ ಕ್ಯಾನ್ಸರಲ್ಲಿ ಮುಕ್ಕಾಲು ಭಾಗದ ಹತ್ತಿರ ಕ್ಲಿಯರ್ ಸೆಲ್ ಅನ್ನೋ ಜಾತಿ. ಇದು ಹುಟ್ಟೋದು ಪ್ರಾಕ್ಸಿಮಲ್ ಟ್ಯೂಬ್ಯೂಲ್ (ಕಿಡ್ನಿಯ ಸಣ್ಣ ಕೊಳವೆಯ ಮೊದಲ ಭಾಗ) ಕೋಶಗಳಿಂದ, ಬಹುತೇಕ ಕೇಸಲ್ಲಿ ವಿಎಚ್‌ಎಲ್ ಜೀನು (ವಾನ್ ಹಿಪ್ಪೆಲ್ ಲಿಂಡೌ ಕಾಯಿಲೆಗೂ ಇದೇ ಕಾರಣ) ಕೆಟ್ಟಿರತ್ತೆ. 1993ರಲ್ಲಿ ಈ ಜೀನನ್ನ ಗುರುತಿಸಿದ್ರು. ಅದು ಕೆಲಸ ಮಾಡ್ತಿದ್ರೆ ಎಚ್‌ಐಎಫ್ ಅನ್ನೋ ಪ್ರೋಟೀನನ್ನ ಹಿಡಿದು ನಾಶಕ್ಕೆ ಕಳ್ಸತ್ತೆ. ಕೆಟ್ಟರೆ ಎಚ್‌ಐಎಫ್ ರಾಶಿ ಬಿದ್ದು, ಆಕ್ಸಿಜನ್ ಸಾಕಷ್ಟಿದ್ರೂ ಕೋಶ "ಉಸಿರು ಕಟ್ತಿದೆ" ಅಂತ ಕೂಗೋಕೆ ಶುರು ಮಾಡತ್ತೆ, ಸಿಎ9 (ಕಾರ್ಬಾನಿಕ್ ಅನ್‌ಹೈಡ್ರೇಸ್-9 ಅನ್ನೋ ಕಿಣ್ವ), ವಿಇಜಿಎಫ್ (ಹೊಸ ರಕ್ತನಾಳ ಬೆಳೆಸೋ ಪ್ರೋಟೀನು) ಎಲ್ಲ ಏರತ್ತೆ. ಕೋಶಗಳು ಆಕ್ಸಿಜನ್ ಮಟ್ಟ ಗ್ರಹಿಸೋ ಈ ವ್ಯವಸ್ಥೆ ಬಿಡಿಸಿದ್ದಕ್ಕೇ 2019ರಲ್ಲಿ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಮೂವರಿಗೂ ನೊಬೆಲ್ ಬಂದಿದ್ದು.

ಇಲ್ಲಿಂದ ಲಿಸ್ಟು ತಾನಾಗೇ ಬರತ್ತೆ. ಸಿಎ9 ಒಂದು. ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನ ನೀರಿನ ಚಾನೆಲ್ಲು ಅಕ್ವಾಪೊರಿನ್-1 ಇನ್ನೊಂದು. ಕ್ಲಿಯರ್ ಸೆಲ್ ಸ್ಲೈಡಲ್ಲಿ ಬೆಳ್ಳಗೆ ಕಾಣೋದು ಯಾಕೆ, ಒಳಗಿದ್ದ ಕೊಬ್ಬು, ಗ್ಲೈಕೋಜನ್ ಪ್ರೊಸೆಸಿಂಗಲ್ಲಿ ಕರಗಿ ಹೋಗಿರತ್ತೆ, ಹಂಗಾಗಿ ಕೊಬ್ಬಿನ ಹನಿ ಮೇಲೆ ಕೂರೋ ಪೆರಿಲಿಪಿನ್-2 ಮೂರನೇದು. ಮತ್ತೆ ಕಿಮ್-1, ಅಂದ್ರೆ ಟ್ಯೂಬ್ಯೂಲ್‌ಗೆ ಪೆಟ್ಟಾದಾಗ ಏರೋ ಪ್ರೋಟೀನು, ಹೊರಗಿನ ತುಂಡು ಕತ್ತರಿಸ್ಕೊಂಡು ರಕ್ತಕ್ಕೂ ಮೂತ್ರಕ್ಕೂ ಬೀಳತ್ತೆ. ಕ್ಲಿಯರ್ ಸೆಲ್ ಮತ್ತೆ ಪ್ಯಾಪಿಲರಿ ಗಡ್ಡೆಗಳು ಇದನ್ನ ಧಾರಾಳವಾಗಿ ಮಾಡತ್ವೆ, ಕ್ರೋಮೋಫೋಬ್ ಜಾತಿ ಅಷ್ಟಾಗಿ ಮಾಡಲ್ಲ. ಒಂದು ಮಾರ್ಕರ್ ಎಲ್ಲಾ ಜಾತಿನೂ ಹಿಡಿಯತ್ತೆ ಅಂತ ಮೊದಲೇ ಭಾಷೆ ಕೊಟ್ಟುಬಿಡ್ಬೇಡಿ.

ದುಡ್ಡು ಖರ್ಚು ಮಾಡ್ದೇ ಪರೀಕ್ಷೆ ಮಾಡೋಕೆ ಜಾಗ ಇದಾವೆ. ಸಿಪಿಟಿಎಸಿ (ಕ್ಯಾನ್ಸರ್ ಗಡ್ಡೆಗಳ ಪ್ರೋಟೀನ್ ಅಳೆಯೋ ಅಮೆರಿಕದ ಒಕ್ಕೂಟ) ತಂಡ 2019ರಲ್ಲಿ 103 ಕ್ಲಿಯರ್ ಸೆಲ್ ಗಡ್ಡೆಗಳ ಪ್ರೋಟೀನ್ ಡೇಟಾ ಹೊರಗೆ ಬಿಡ್ತು, ಜೊತೆಗೆ 80 ಪಕ್ಕದ ನಾರ್ಮಲ್ ಅಂಗಾಂಶ. ಹ್ಯೂಮನ್ ಪ್ರೋಟೀನ್ ಅಟ್ಲಾಸಲ್ಲಿ ಆ ಪ್ರೋಟೀನು ದೇಹದಲ್ಲಿ ಇನ್ನೆಲ್ಲಿ ಇದೆ ಅಂತ ನೋಡ್ಬೋದು. ಲಿವರ್ರು ಬಕೆಟ್ಟುಗಟ್ಲೆ ಸುರಿಸೋ ಪ್ರೋಟೀನು ಮೂರು ಸೆಂಟಿಮೀಟರ್ ಗಡ್ಡೆಯಿಂದ ಒಂದು ಚಮಚ ಜಾಸ್ತಿಯಾದ್ರೆ ರಕ್ತದಲ್ಲಿ ಯಾರಿಗೂ ಗೊತ್ತಾಗಲ್ಲ. ಗಡ್ಡೆಯಲ್ಲಿ ಹತ್ತು ಪಟ್ಟು ಏರಿದೆ ಅನ್ನೋ ಗ್ರಾಫು ನೋಡಿ ಖುಷಿ ಪಡೋರು ಮರೆಯೋದೇ ಇದನ್ನ.

ಹೆಜ್ಜೆ 3: ಕಂಟ್ರೋಲ್

ನನ್ನ ಪ್ರಕಾರ ಪ್ರಾಜೆಕ್ಟು ಬದುಕೋದು ಸಾಯೋದು ಇಲ್ಲೇ. ಸುಲಭಕ್ಕೆ ಸಿಗೋ ಕಂಟ್ರೋಲ್ ಅಂದ್ರೆ ಲ್ಯಾಬಿನ ಸ್ಟೂಡೆಂಟ್ಸು, ರಕ್ತದಾನ ಮಾಡೋಕೆ ಬಂದೋರು. ಅವರಿಗೆ ಇಪ್ಪತ್ತೈದು, ಪೇಷೆಂಟಿಗೆ ಅರವತ್ತೆರಡು. ಪೇಷೆಂಟಿಗೆ ಬಿಪಿ, ಶುಗರ್ರು, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕೋ ತ್ಯಾಜ್ಯ) ಸ್ವಲ್ಪ ಜಾಸ್ತಿ. ಇಬ್ಬರನ್ನ ಹೋಲಿಸಿದ್ರೆ ನೂರಾರು ಪ್ರೋಟೀನು ವ್ಯತ್ಯಾಸ ಬರತ್ತೆ, ವಯಸ್ಸಿನ ಮಾರ್ಕರ್ ಕಂಡುಹಿಡಿದಿರ್ತೀರ.

ಕಿಡ್ನಿ ವಿಷಯದಲ್ಲಿ ಇದಕ್ಕೊಂದು ವಿಶೇಷ ಗುಂಡಿ ಇದೆ. ಕಿಡ್ನಿ ಸೋಸೋ ಶಕ್ತಿ, ಅಂದ್ರೆ ಇಜಿಎಫ್‌ಆರ್, ಕಮ್ಮಿಯಾದ್ರೆ ಸಣ್ಣ ಪ್ರೋಟೀನುಗಳು ರಕ್ತದಲ್ಲಿ ತಾವಾಗೇ ಗುಡ್ಡೆ ಬೀಳತ್ವೆ. ಸಿಸ್ಟಾಟಿನ್ ಸಿ, ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಇಂಥವು. ನಿಮ್ಮ ಟಾಪ್ ಹಿಟ್ ಲಿಸ್ಟಲ್ಲಿ ಇವು ಮೇಲೆ ಕೂತಿದ್ರೆ ಕೇಸುಗಳ ಇಜಿಎಫ್‌ಆರ್ ಕಂಟ್ರೋಲ್‌ಗಿಂತ ಕಮ್ಮಿ ಇದೆ ಅಂತಲೇ ಅರ್ಥ, ಬೇರೆ ಏನೂ ಹುಡುಕೋದು ಬೇಡ. ಅದಕ್ಕೆ ವಯಸ್ಸು, ಗಂಡು ಹೆಣ್ಣು, ಸಿಗರೇಟು, ತೂಕ, ಬಿಪಿ ಜೊತೆಗೆ ಇಜಿಎಫ್‌ಆರ್ ಕೂಡ ಮ್ಯಾಚ್ ಮಾಡಿ, ಕೊನೇಪಕ್ಷ ಎಲ್ಲರದ್ದೂ ಬರೆದಾದ್ರೂ ಇಟ್ಕೊಳ್ಳಿ.

ಅಷ್ಟೇ ಸಾಲದು, ತಲೆನೋವು ಕೊಡೋ ಕಂಟ್ರೋಲ್ ಕೂಡ ಬೇಕೇ ಬೇಕು. ಕಿಡ್ನಿ ಕಲ್ಲು ಇರೋರು, ಡಯಾಬಿಟಿಸ್‌ನಿಂದ ಕಿಡ್ನಿ ಕೆಟ್ಟೋರು, ಮೂತ್ರದ ಸೋಂಕು ಇರೋರು, ಸಾದಾ ಸಿಸ್ಟ್ ಇರೋರು, ಆಂಕೋಸೈಟೋಮಾದೋರು. ಕಿಮ್-1 ಹಿಡ್ಕೊಂಡು ಹೊರಟಿದ್ರಂತೂ ಇದು ತಪ್ಪಿಸೋ ಹಂಗೇ ಇಲ್ಲ, ಅದು ಹುಟ್ಟಿರೋದೇ ಟ್ಯೂಬ್ಯೂಲ್ ಗಾಯದ ಮಾರ್ಕರ್ ಆಗಿ, 2008ರಲ್ಲಿ ಅಮೆರಿಕದ ಎಫ್‌ಡಿಎ ಅದನ್ನ ಔಷಧಿಗಳ ಕಿಡ್ನಿ ವಿಷತ್ವ ನೋಡೋಕೆ ಒಪ್ಪಿಕೊಂಡಿದ್ದೂ ಹಂಗೇ.

ಹೆಜ್ಜೆ 4: ಸ್ಯಾಂಪಲ್ ತಗೊಳ್ಳೋದು

ಇದನ್ನ ಪ್ರೋಟೋಕಾಲ್ ಅಂತ ಬರೆದು ಗೋಡೆಗೆ ಅಂಟಿಸಿ, ಕೇಸಿಗೂ ಕಂಟ್ರೋಲ್‌ಗೂ ಒಂದೇ. ಒಂದೇ ಬಣ್ಣದ ಮುಚ್ಚಳದ ಟ್ಯೂಬು, ಸೂಜಿ ಚುಚ್ಚಿದ ಟೈಮು, ಸೆಂಟ್ರಿಫ್ಯೂಜ್‌ಗೆ ಹೋದ ಟೈಮು, ಮೈನಸ್ 80ಕ್ಕೆ ಹೋದ ಟೈಮು, ಮೂರೂ ಬರೀರಿ. ಸೀರಮ್ಮಾ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ದ್ರವ) ಪ್ಲಾಸ್ಮಾನಾ (ಹೆಪ್ಪುಗಟ್ಟಿಸದೇ ಬೇರ್ಪಡಿಸಿದ ದ್ರವ) ಅಂತ ಮೊದಲೇ ತೀರ್ಮಾನ ಆಗಿರ್ಲಿ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ವಿಇಜಿಎಫ್ ಬಿಡತ್ವೆ, ಹಂಗಾಗಿ ಸೀರಮ್ಮಲ್ಲಿ ಅದು ಪ್ಲಾಸ್ಮಾಗಿಂತ ಜಾಸ್ತಿ ಬರತ್ತೆ, ಕೇಸು ಸೀರಂ ಕಂಟ್ರೋಲು ಪ್ಲಾಸ್ಮಾ ಆದ್ರೆ ಕಥೆ ಮುಗೀತು. ರಕ್ತವನ್ನ ಆಪರೇಷನ್‌ಗೆ ಮುಂಚೆ, ಅನಸ್ತೇಷಿಯಾಗೂ ಮುಂಚೆ, ಆದಷ್ಟು ಕಾಂಟ್ರಾಸ್ಟ್ ಸ್ಕ್ಯಾನ್ ಆದ ತಕ್ಷಣ ಅಲ್ಲದೇ ಇರೋ ಹೊತ್ತಲ್ಲಿ ತಗೊಳ್ಳಿ.

ನಮ್ಮದೇ ಒಂದು ಎಡವಟ್ಟು ಹೇಳ್ತೀನಿ. ಡಿಸ್ಕವರಿ ರನ್ ಮುಗಿಸಿ ಫೋಲ್ಡ್ ಚೇಂಜ್ (ಕಂಟ್ರೋಲ್‌ಗಿಂತ ಎಷ್ಟು ಪಟ್ಟು ಜಾಸ್ತಿ) ಪ್ರಕಾರ ಸಾಲಾಗಿ ಜೋಡಿಸಿದಾಗ ಮೇಲ್ಗಡೆನೇ ಕಾರ್ಬಾನಿಕ್ ಅನ್‌ಹೈಡ್ರೇಸ್! ಜೂನಿಯರ್ ಒಬ್ಬ ಕುರ್ಚಿಯಿಂದ ಎದ್ದೇ ಬಿಟ್ಟ, ಸಿಎ ಬಂತು ಸಿಎ ಬಂತು ಅಂತ. ಕಣ್ಣು ಕಿರಿದು ಮಾಡಿ ನೋಡಿದ್ರೆ ಅದು ಸಿಎ9 ಅಲ್ಲ, ಸಿಎ1. ಕೆಂಪು ರಕ್ತಕಣದಲ್ಲಿ ತುಂಬಿ ತುಳುಕೋ ಪ್ರೋಟೀನು. ಅದರ ಕೆಳಗೇ ಕ್ಯಾಟಲೇಸ್, ಪೆರಾಕ್ಸಿರೆಡಾಕ್ಸಿನ್-2, ಹಿಮೋಗ್ಲೋಬಿನ್ ಎಲ್ಲ ಒಂದೇ ಕುಟುಂಬದ ಮದುವೆಗೆ ಬಂದೋರ ಥರ ಸಾಲಾಗಿ ನಿಂತಿದ್ರು. ಫ್ರೀಜರಿಂದ ಡಬ್ಬಿ ತೆಗೆದು ಟ್ಯೂಬುಗಳನ್ನ ಬಿಳಿ ಹಾಳೆ ಮುಂದೆ ಹಿಡಿದ್ವಿ, ಕಂಟ್ರೋಲಿನ ಪ್ಲಾಸ್ಮಾ ಹುಲ್ಲಿನ ಬಣ್ಣ, ಕೇಸಿನವು ಮುಕ್ಕಾಲು ಪಾಲು ತೆಳು ಗುಲಾಬಿ. ಪೇಷೆಂಟ್‌ಗಳ ರಕ್ತ ವಾರ್ಡಿಂದ ಲ್ಯಾಬಿಗೆ ಬರೋಕೆ ಗಂಟೆಗಟ್ಲೆ ಆಗ್ತಿತ್ತು, ಅಷ್ಟರಲ್ಲಿ ಕೆಂಪು ಕಣ ಒಡೀತಿತ್ತು, ಕಂಟ್ರೋಲ್‌ದು ಲ್ಯಾಬ್ ಪಕ್ಕದಲ್ಲೇ ತೆಗೀತಿದ್ರು, ಅಷ್ಟೇ ವಿಷಯ. ಆಮೇಲಿಂದ ಸ್ಯಾಂಪಲ್ ಫ್ರೀಜ್ ಮಾಡೋಕೆ ಮುಂಚೆ ಬಿಳಿ ಹಾಳೆ ಮೇಲಿಟ್ಟು ಒಂದು ಫೋಟೋ ತೆಗೆಯೋದು ನಮ್ಮಲ್ಲಿ ಕಡ್ಡಾಯ ಮಾಡಿದ್ವಿ, ಖರ್ಚು ಸೊನ್ನೆ.

ಮೂತ್ರದ ಕಥೆ ಬೇರೆ. ಸೂಜಿ ಬೇಡ, ಗಡ್ಡೆ ಇರೋ ಜಾಗದಿಂದ ನೇರ ಬರತ್ತೆ, ಆರೋಗ್ಯವಾಗಿರೋರಲ್ಲಿ ದಿನಕ್ಕೆ 150 ಮಿಲಿಗ್ರಾಂ ಒಳಗೆ ಪ್ರೋಟೀನ್ ಇರೋದ್ರಿಂದ ಗದ್ದಲನೂ ಕಮ್ಮಿ. ಆದ್ರೆ ಅದರಲ್ಲಿ ಜಾಸ್ತಿ ಇರೋ ಯೂರೊಮೊಡ್ಯುಲಿನ್ ತಣ್ಣಗಾದ್ರೆ ಬಲೆ ಥರ ಹೆಣ್ಕೊಂಡು ಬೇರೆ ಪ್ರೋಟೀನುಗಳನ್ನೂ ಎಳ್ಕೊಂಡು ತಳಕ್ಕೆ ಕೂರತ್ತೆ. ಕರಗಿಸಿದ ಮೇಲೆ ಚೆನ್ನಾಗಿ ಬೆಚ್ಚಗಾಗೋಕೆ ಬಿಟ್ಟು, ವೋರ್ಟೆಕ್ಸ್ ಮಾಡಿ ಆಮೇಲೆ ಪಿಪೆಟ್ ಮುಟ್ಟಿ. ಕೋಶ, ಕಸ ಹೋಗ್ಲಿ ಅಂತ ಫ್ರೀಜ್ ಮಾಡೋಕೆ ಮುಂಚೆ ಒಂದ್ಸಲ ಸ್ಪಿನ್ ಮಾಡಿ. ಡಿಪ್‌ಸ್ಟಿಕ್ ಹಾಕಿ ರಕ್ತ ಇದೆಯಾ ನೋಡಿ, ರಕ್ತ ಇದ್ರೆ ಪ್ಲಾಸ್ಮಾದ ಪ್ರೋಟೀನೆಲ್ಲ ಮೂತ್ರದಲ್ಲಿ ಕಾಣಿಸ್ಕೊಂಡು ನಿಮ್ಮನ್ನ ಯಾಮಾರಿಸತ್ತೆ. ನೀರು ಜಾಸ್ತಿ ಕುಡಿದೋರು ಕಮ್ಮಿ ಕುಡಿದೋರು ಅನ್ನೋ ವ್ಯತ್ಯಾಸಕ್ಕೆ ಕ್ರಿಯಾಟಿನಿನ್ನಿಂದ ಭಾಗಿಸ್ತಾರೆ, ಮಾಡಿ, ಆದ್ರೆ ಭಾಗಿಸದ ನಂಬರನ್ನೂ ಇಟ್ಕೊಂಡಿರಿ.

ಹೆಜ್ಜೆ 5: ಅಳೆಯೋದು

ಈಗ ಮೆಷಿನ್ನಿಗೆ ಬಂದ್ವಿ. ಪ್ಲಾಸ್ಮಾದ ಒಟ್ಟು ಪ್ರೋಟೀನಲ್ಲಿ ಆಲ್ಬುಮಿನ್ ಒಂದೇ ಅರ್ಧಕ್ಕಿಂತ ಜಾಸ್ತಿ, ಅದಕ್ಕೂ ಬಹಳ ಕಮ್ಮಿ ಇರೋ ಸೈಟೋಕೈನ್‌ಗಳಿಗೂ ನಡುವೆ ಹತ್ತು ಸೊನ್ನೆಯಷ್ಟು ಅಂತರ. ಜಾತ್ರೆಯಲ್ಲಿ ಡೊಳ್ಳು ಬಡೀತಿರುವಾಗ ಪಕ್ಕದಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸ್ಕೊಂಡಂಗೆ. ಮಾಸ್ ಸ್ಪೆಕ್ಕು ಗಡ್ಡೆ ಅಂಗಾಂಶಕ್ಕೆ, ಮೂತ್ರಕ್ಕೆ ಚೆನ್ನಾಗಿ ಒಗ್ಗತ್ತೆ, ಯಾವ ಪ್ರೋಟೀನು ಅಂತ ಪೆಪ್ಟೈಡ್ (ಪ್ರೋಟೀನಿನ ತುಂಡು) ಸಮೇತ ಸಾಕ್ಷಿ ಕೊಡತ್ತೆ. ಪ್ಲಾಸ್ಮಾದಲ್ಲಿ ಕೆಳಗಿನ ಮಟ್ಟದ್ದು ಬೇಕು ಅಂದ್ರೆ ಓಲಿಂಕ್ ಥರದ ಆಂಟಿಬಾಡಿ ಜೋಡಿ ವಿಧಾನ ಒಳ್ಳೇದು, ಯುಕೆ ಬಯೋಬ್ಯಾಂಕಲ್ಲಿ 54 ಸಾವಿರಕ್ಕೂ ಮೇಲ್ಪಟ್ಟು ಜನರಲ್ಲಿ 2,923 ಪ್ರೋಟೀನು ಅಳೆದಿದ್ದು ಅದರಲ್ಲೇ. ಅದು ಕೊಡೋದು ತುಲನೆಯ ನಂಬರ್ರು, ನ್ಯಾನೋಗ್ರಾಂ ಲೆಕ್ಕ ಅಲ್ಲ, ಅಷ್ಟು ನೆನಪಿದ್ರೆ ಸಾಕು.

ಯಾವ ಮೆಷಿನ್ನೇ ಆಗ್ಲಿ, ಕೇಸುಗಳನ್ನೆಲ್ಲ ಒಂದು ಪ್ಲೇಟಲ್ಲಿ ಕಂಟ್ರೋಲ್‌ಗಳನ್ನೆಲ್ಲ ಇನ್ನೊಂದು ಪ್ಲೇಟಲ್ಲಿ ಹಾಕೋ ಪಾಪ ಮಾತ್ರ ಮಾಡ್ಬೇಡಿ. ಕಂಪ್ಯೂಟರಲ್ಲಿ ರ‍್ಯಾಂಡಮ್ ಮಾಡಿ, ಪ್ರತಿ ಪ್ಲೇಟಲ್ಲೂ ಎಲ್ಲರ ಸ್ಯಾಂಪಲ್ ಬೆರೆಸಿದ ಒಂದು ಪೂಲ್ ಹಾಕಿ, ಓಡಿಸೋ ಟೆಕ್ನಿಷಿಯನ್‌ಗೆ ಯಾವುದು ಯಾರದ್ದು ಅಂತ ಗೊತ್ತಿರಬಾರ್ದು. 2002ರಲ್ಲಿ ಓವರಿ ಕ್ಯಾನ್ಸರ್‌ಗೆ ಸೀರಂ ಪ್ರೋಟೀನ್ ಪ್ಯಾಟರ್ನ್ ಅಂತ 100% ಸೆನ್ಸಿಟಿವಿಟಿ, 95% ಸ್ಪೆಸಿಫಿಸಿಟಿ ತೋರಿಸಿ ಜಗತ್ತೇ ತಿರುಗಿ ನೋಡಿತ್ತು, ಆಮೇಲೆ ಬೇರೆ ಸಂಖ್ಯಾಶಾಸ್ತ್ರಜ್ಞರು ಡೇಟಾ ಬಿಚ್ಚಿ ನೋಡಿದಾಗ ಸ್ಯಾಂಪಲ್ ಓಡಿಸಿದ ರೀತಿಯ ವ್ಯತ್ಯಾಸವೇ ಅದರಲ್ಲಿ ಎದ್ದು ಕಾಣ್ತಿತ್ತು.

ಹೆಜ್ಜೆ 6: ಲೆಕ್ಕ

ಮೂರು ಸಾವಿರ ಪ್ರೋಟೀನಿಗೆ ಪಿ ವ್ಯಾಲ್ಯೂ 0.05 ಇಟ್ರೆ ಏನೂ ವ್ಯತ್ಯಾಸ ಇಲ್ಲದಿದ್ರೂ 150 "ಸಿಗ್ನಿಫಿಕೆಂಟ್" ಬರತ್ತೆ, ಫಾಲ್ಸ್ ಡಿಸ್ಕವರಿ ಕರೆಕ್ಷನ್ ಹಾಕಿ, ಇದರ ಬಗ್ಗೆ ಜಾಸ್ತಿ ಹೇಳೋ ಅಗತ್ಯ ಇಲ್ಲ. ಪ್ರೋಟೀನ್ ಆಯ್ಕೆ ಮಾಡಿದ ಡೇಟಾದಲ್ಲೇ ಎಯುಸಿ (ಕೇಸು, ಕಂಟ್ರೋಲ್ ಬೇರ್ಪಡಿಸೋ ಶಕ್ತಿ, 1 ಅಂದ್ರೆ ಪೂರ್ತಿ) ಹೇಳೋದು ಪ್ರಶ್ನೆಪತ್ರಿಕೆ ನೋಡ್ಕೊಂಡು ಪರೀಕ್ಷೆ ಬರೆದಂಗೆ. ಕ್ರಾಸ್ ವ್ಯಾಲಿಡೇಶನ್ (ಡೇಟಾದ ಒಂದು ಪಾಲು ಎತ್ತಿಟ್ಟು ಅದರ ಮೇಲೆ ಪರೀಕ್ಷಿಸೋದು) ಮಾಡ್ತೀರ ಅಂದ್ರೆ ಆಯ್ಕೆ ಮಾಡೋ ಹೆಜ್ಜೆನೂ ಅದರ ಒಳಗೇ ಇರ್ಬೇಕು.

ಸ್ಯಾಂಪಲ್ ಸಂಖ್ಯೆ ಬಗ್ಗೆ ಮಾತ್ರ ಒಂದು ಉದಾಹರಣೆ. 19 ಕೇಸು, 19ಕ್ಕೆ 19 ಪಾಸಿಟಿವ್ ಬಂತು, ಸೆನ್ಸಿಟಿವಿಟಿ 100% ಅಂತ ಹಿಗ್ಗಬೇಡಿ, 95% ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿದ್ರೆ ಕೆಳಗಿನ ತುದಿ 82% ಹತ್ರ ಇರತ್ತೆ. 19 ಅನ್ನೋ ಸಂಖ್ಯೆ ಸುಮ್ನೆ ಹೇಳಿದ್ದಲ್ಲ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ ತಂಡ ಮೂತ್ರದ ಅಕ್ವಾಪೊರಿನ್-1, ಪೆರಿಲಿಪಿನ್-2 ಮೇಲೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಚಿತವಾದ ಕ್ಯಾನ್ಸರ್ ಕೇಸು 19, ಆರೋಗ್ಯವಂತರು 80, ಜೊತೆಗೆ ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆ ಅಂತ ಬಂದಿದ್ದ 720 ಜನ. ಎಯುಸಿ ಹೆಚ್ಚುಕಮ್ಮಿ ಪೂರ್ತಿ 1, ಆ 720ರಲ್ಲಿ ಮೂವರಿಗೆ ಮಟ್ಟ ಏರಿತ್ತು, ಮೂವರಿಗೂ ಸ್ಕ್ಯಾನಲ್ಲಿ ಕಿಡ್ನಿ ಗಡ್ಡೆ ಕಂಡಿತ್ತು. ನನಗೆ ಈ ಡಿಸೈನು ಇಷ್ಟ, ಯಾಕಂದ್ರೆ ಆ 720 ಜನ ಬೇರೆ ಬೇರೆ ಕಾರಣಕ್ಕೆ ಬಂದೋರು, ಅಂದ್ರೆ ನಿಜಜೀವನದ ಕಂಟ್ರೋಲ್‌ಗಳು. ಆದ್ರೂ ಕೇಸುಗಳ ಸಂಖ್ಯೆ ಇಷ್ಟು ಸಣ್ಣದಿರೋವಾಗ, ಪೆರಿಲಿಪಿನ್‌ನ ವೆಸ್ಟರ್ನ್ ಬ್ಲಾಟ್ ಅನ್ನೋ ನಿಧಾನದ ವಿಧಾನದಲ್ಲಿ ಅಳೆದಿರೋವಾಗ, ದಿನಕ್ಕೆ ಸಾವಿರ ಸ್ಯಾಂಪಲ್ ಓಡಿಸೋ ಟೆಸ್ಟಿಗೂ ಅದಕ್ಕೂ ದೂರ ಬಹಳ.

ಹೆಜ್ಜೆ 7: ಎಲೈಸಾಗೆ ಇಳಿಸೋದು

ಲಿಸ್ಟಲ್ಲಿ ಐದಾರು ಉಳಿದ ಮೇಲೆ ಒಂದೊಂದಕ್ಕೂ ನಂಬೋ ಥರದ ಎಲೈಸಾ (ಆಂಟಿಬಾಡಿಯಿಂದ ಒಂದೇ ಪ್ರೋಟೀನ್ ಅಳೆಯೋ ಟೆಸ್ಟು) ಕಿಟ್ಟು ಬೇಕು. ಡಬ್ಬಿ ಮೇಲೆ "ಹ್ಯೂಮನ್" ಅಂತ ಬರೆದಿದೆ ಅಂತ ನಂಬ್ಬೇಡಿ. ಗೊತ್ತಿರೋಷ್ಟು ಪ್ರೋಟೀನನ್ನ ಮೂತ್ರಕ್ಕೆ ಬೆರೆಸಿ ವಾಪಸ್ ಅಷ್ಟೇ ಬರತ್ತಾ ನೋಡಿ, ಸ್ಯಾಂಪಲನ್ನ ಎರಡು ನಾಲ್ಕು ಎಂಟು ಪಟ್ಟು ತೆಳು ಮಾಡಿದ್ರೆ ನಂಬರ್ರೂ ಅದೇ ಲೆಕ್ಕದಲ್ಲಿ ಇಳಿಯತ್ತಾ ನೋಡಿ, ಅದೇ ಟ್ಯೂಬನ್ನ ಐದು ದಿನ ಓಡಿಸಿ ಎಷ್ಟು ಅಲುಗಾಡತ್ತೆ ನೋಡಿ, ಮೂರು ಸಲ ಕರಗಿಸಿ ಹೆಪ್ಪುಗಟ್ಟಿಸಿ ನೋಡಿ. ಎರಡು ವಾರದ ಬೋರಿಂಗ್ ಕೆಲಸ. ಮಾಡ್ದೇ ಹೋದ್ರೆ ಎರಡು ವರ್ಷ ಹೋಗತ್ತೆ.

ಆಪರೇಷನ್ ಮುಂಚೆ ಮತ್ತೆ ಆದ್ಮೇಲೆ ಅದೇ ವ್ಯಕ್ತಿಯ ಸ್ಯಾಂಪಲ್ ಅಳೆಯೋದು ಒಳ್ಳೇ ಉಪಾಯ, ಗಡ್ಡೆ ಹೋದ್ಮೇಲೆ ಇಳಿದ್ರೆ ಅದು ಗಡ್ಡೆಯಿಂದ್ಲೇ ಬರ್ತಿತ್ತು ಅನ್ನೋಕೆ ಒಂದು ಆಧಾರ. ಆದ್ರೆ ಆಪರೇಷನ್ನೇ ಕಿಡ್ನಿಗೆ ಪೆಟ್ಟು, ಕಿಮ್-1 ಅಂಥದ್ದು ಮೊದಲು ಏರಿಬಿಡಬಹುದು, ಕೆಲವು ವಾರ ಬಿಟ್ಟು ತಗೊಳ್ಳಿ. ಪೂರ್ತಿ ಕಿಡ್ನಿ ತೆಗೆದಿದ್ರೆ ಇಳಿದಿದ್ದು ಗಡ್ಡೆ ಹೋಗಿದ್ದಕ್ಕೋ ಕಿಡ್ನಿನೇ ಹೋಗಿದ್ದಕ್ಕೋ ಅನ್ನೋ ಅನುಮಾನ ಉಳಿಯತ್ತೆ, ಭಾಗಶಃ ತೆಗೆದೋರನ್ನ ಬೇರೆ ಗುಂಪಾಗಿ ನೋಡಿ.

ಹೆಜ್ಜೆ 8: ರೋಗ ಗೊತ್ತಾಗೋಕೆ ಮುಂಚಿನ ರಕ್ತ

ಗಡ್ಡೆ ಸಿಕ್ಕ ಮೇಲೆ ತೆಗೆದ ರಕ್ತದಲ್ಲಿ ಮಾರ್ಕರ್ ಏರಿದ್ರೆ "ಬೇಗ" ಅನ್ನೋ ಮಾತು ಸಾಬೀತಾಗಲ್ಲ. ಅದಕ್ಕೆ ಬೇಕಾಗಿರೋದು ವರ್ಷಗಳ ಹಿಂದೆ ಆರೋಗ್ಯವಾಗಿದ್ದಾಗ ರಕ್ತ ಕೊಟ್ಟು, ಆಮೇಲೆ ಕೆಲವರಿಗೆ ಕ್ಯಾನ್ಸರ್ ಬಂದಿರೋ ದೊಡ್ಡ ಗುಂಪು. ಕಿಮ್-1 ಇವತ್ತು ಸಾಲಲ್ಲಿ ಮುಂದಿರೋದು ಇದೇ ಕಾರಣಕ್ಕೆ. ಯೂರೋಪಿನ ಎಪಿಕ್ ಕೋಹಾರ್ಟಿನಿಂದ (ವರ್ಷಗಟ್ಲೆ ಹಿಂಬಾಲಿಸಿ ನೋಡೋ ಜನರ ಗುಂಪು) 2018ರಲ್ಲಿ ಬಂದ ಅಧ್ಯಯನದಲ್ಲಿ 190 ಕೇಸು, 190 ಕಂಟ್ರೋಲು, ರಕ್ತ ತೆಗೆದಿದ್ದು ರೋಗ ಗೊತ್ತಾಗೋದಕ್ಕೆ ಐದು ವರ್ಷ ಮುಂಚಿನವರೆಗೂ. ಪ್ಲಾಸ್ಮಾ ಕಿಮ್-1 ಜಾಸ್ತಿ ಇದ್ದೋರಿಗೆ ಮುಂದೆ ಕಿಡ್ನಿ ಕ್ಯಾನ್ಸರ್ ಬರೋ ಸಾಧ್ಯತೆ ಜಾಸ್ತಿ ಇತ್ತು. ಕಂಟ್ರೋಲ್‌ಗಳನ್ನ ಹೆಂಗೆ ಆರಿಸಿದ್ರು ನೋಡಿ: ಹುಟ್ಟಿದ ದಿನ, ಗಂಡು ಹೆಣ್ಣು, ದೇಶ, ಅದರ ಜೊತೆ ರಕ್ತ ಕೊಟ್ಟ ತಾರೀಕು ಕೂಡ ಮ್ಯಾಚು. ಎರಡೂ ಟ್ಯೂಬು ಫ್ರೀಜರಲ್ಲಿ ಅಷ್ಟೇ ವರ್ಷ ಕೂತಿರತ್ವೆ ಅಂತರ್ಥ.

ಇಂಥ ರಕ್ತ ನಿಮ್ಮ ಹತ್ರ ಇರಲ್ಲ, ಕೋಹಾರ್ಟಿನೋರ ಹತ್ರ ಕೇಳ್ಬೇಕು. ಅವರು ಅರ್ಜಿ ಜೊತೆ ಕೇಳೋದು ನಿಮ್ಮ ಎಲೈಸಾದ ಅಲುಗಾಟ ಎಷ್ಟು, ಎಷ್ಟು ಮೈಕ್ರೋಲೀಟರ್ ಬೇಕು, ಕಟಾಫ್ (ಪಾಸಿಟಿವ್ ಅನ್ನೋಕೆ ದಾಟ್ಬೇಕಾದ ಮಟ್ಟ) ಮೊದಲೇ ಬರೆದಿಟ್ಟಿದೀರಾ ಅಂತ. ಐನೂರು ಮೈಕ್ರೋಲೀಟರ್ ಕೇಳಿದ್ರೆ ಬಾಗಿಲು ಹಾಕ್ತಾರೆ, ಐವತ್ತು ಕೇಳಿದ್ರೆ ಕೂತು ಮಾತಾಡ್ತಾರೆ. ಕಟಾಫನ್ನ ತಾರೀಕು ಹಾಕಿ, ಡೇಟಾ ಬರೋಕೆ ಮುಂಚೆ, ಸ್ಟ್ಯಾಟಿಸ್ಟಿಕ್ಸ್‌ನೋರಿಗೆ ಮೇಲ್ ಮಾಡಿಡಿ.

ಅಲ್ಲಿವರೆಗೂ ನಿಮ್ಮ ಸ್ವಂತ ಸ್ಯಾಂಪಲ್‌ಗಳನ್ನ ಹುಷಾರಾಗಿಡಿ. ತಗೊಂಡ ದಿನವೇ ಸಣ್ಣ ಸಣ್ಣ ಅಲಿಕ್ವಾಟ್ (ಪಾಲು) ಮಾಡಿ, ಪ್ರತಿಯೊಬ್ಬರದ್ದೂ ಎರಡು ಟ್ಯೂಬು ಬೇರೆ ಡಬ್ಬಿಯಲ್ಲಿ, ಸಾಧ್ಯ ಆದ್ರೆ ಬೇರೆ ಫ್ರೀಜರಲ್ಲೇ ಇಡಿ. ಆ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ "ಮುಟ್ಟಬೇಡಿ" ಅಂತ ಬರೀರಿ, ಫ್ರೀಜರ್ ಮಾರ್ಕರ್ ಪೆನ್ನಲ್ಲೇ ಬರೀರಿ, ಸಾದಾ ಸ್ಕೆಚ್ ಪೆನ್ನಿನ ಅಕ್ಷರ ಮೈನಸ್ 80ರ ಮಂಜಲ್ಲಿ ಒಂದು ವರ್ಷಕ್ಕೇ ಅಳಿಸಿ ಹೋಗತ್ತೆ.